ಕಿಂಗ್ಸ್ ಗ್ಯಾಂಬಿಟ್: ಎದುರಾಳಿ ಕಾಲಾಳನ್ನು ಹೊಡೆಯದಿದ್ದರೆ?

ಇ4, ಇ5 ನಡೆಗಳಾದೊಡನೆ ಬಿಳಿಯ ಆಟಗಾರ ಎಫ್4ಕ್ಕೆ ಕಾಲಾಳನ್ನು ನೂಕಿ ಬಲಿಯೊಡ್ಡುವುದೇ ಚದುರಂಗದ ಕಿಂಗ್ಸ್ ಗ್ಯಾಂಬಿಟ್. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಇದೇ ಆರಂಭದಿಂದ ಕೀಸೆರಿಟ್ಸ್ಕಿಯನ್ನು ಮಣಿಸಿದ ಆಟ ‘ಅಮರ ಪಂದ್ಯ’ವೆಂದು ಹೆಸರಾಗಿದೆ. ಆದರೆ ಆಟ ನಡೆಯುವುದು ಅಂಜನಾಪುರದಲ್ಲಾಗಲಿ, ಮಾಸ್ಕೋದಲ್ಲಾಗಲಿ, ಕೊಟ್ಟದ್ದನ್ನು ಕಬಳಿಸದ ಎದುರಾಳಿಯೇ ಹೊಸಬರಿಗೆ ನಿಜವಾದ ತೊಡಕು.

ಕರಿಯ ಒಂಟೆ ಸಿ5ಕ್ಕೆ ಬಂತೆನ್ನಿ. ಇ5ರ ಕಾಲಾಳು ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ಅದನ್ನು ಹೊಡೆದರೆ ಕರಿಯ ರಾಣಿ ಎಚ್4ಕ್ಕೆ ಬಂದು ಚೆಕ್ ನೀಡುತ್ತದೆ. ಜಿ3ರಲ್ಲಿ ಕಾಲಾಳನ್ನು ಅಡ್ಡವಿಟ್ಟರೆ ರಾಣಿ ಇ4ರ ಕಾಲಾಳನ್ನು ಹೊಡೆದು ಮತ್ತೆ ಚೆಕ್ ಕೊಟ್ಟು, ಮೂಲೆಯ ಆನೆಯನ್ನೂ ನುಂಗುತ್ತದೆ. ರಾಜ ಇ2ಕ್ಕೆ ಸರಿದರಂತೂ ಇ4ರಲ್ಲೇ ಚೆಕ್‌ಮೇಟ್! ಆದ್ದರಿಂದ ಮೊದಲು ಕುದುರೆಯನ್ನು ಎಫ್3ಕ್ಕೆ ತಂದು ಎಚ್4 ಮನೆಯನ್ನು ಕಾಯಬೇಕು. ಬಳಿಕ ಸಿ3, ಡಿ4 ನಡೆಗಳಿಂದ ಒಂಟೆಯನ್ನು ಹಿಮ್ಮೆಟ್ಟಿಸಬಹುದು.

ಡಿ5 ಎಂಬ ಫಾಲ್ಕ್‌ಬೀರ್ ಪ್ರತಿದಾಳಿಯಲ್ಲಿಯೂ ಇದೇ ಬಲೆಯಿದೆ. ಇಲ್ಲಿ ಇ5ರ ಬದಲು ಡಿ5ರ ಕಾಲಾಳನ್ನು ಹೊಡೆಯುವುದೇ ಸೂಕ್ತ. ಎದುರಾಳಿ ಇ4ಕ್ಕೆ ಮುನ್ನುಗ್ಗಿದರೆ ತಡಮಾಡದೆ ಡಿ3 ಆಡಿ ಆ ಕಾಲಾಳನ್ನು ಪ್ರಶ್ನಿಸಬೇಕು.

ಬಲಿಯನ್ನು ಸ್ವೀಕರಿಸಿ, ಎಫ್3ರ ಕುದುರೆ ಇ5ಕ್ಕೆ ಹಾರದಂತೆ ಡಿ6 ಆಡುವುದು ಬಾಬಿ ಫಿಷರ್ ಸೂಚಿಸಿದ ಉತ್ತರ. 1960ರಲ್ಲಿ ಮಾರ್ ಡೆಲ್ ಪ್ಲಾಟಾದಲ್ಲಿ ಸ್ಪಾಸ್ಕಿ ಇದೇ ಗ್ಯಾಂಬಿಟ್‌ನಿಂದ ಅವರನ್ನು ಸೋಲಿಸಿದ್ದರು. ಮರುವರ್ಷವೇ ಫಿಷರ್ ಲೇಖನ ಬರೆದು ಈ ಆರಂಭ ಸೋಲುವಂಥದ್ದೆಂದು ಸಾರಿದರು. ಸ್ವಾರಸ್ಯವೆಂದರೆ, 1963ರಲ್ಲಿ ಅವರೇ ಬಿಳಿಯ ಕಾಯಿಗಳಲ್ಲಿ ಇದನ್ನು ಆಡಿದರು. ಕುದುರೆಯ ಬದಲು ಒಂಟೆಯನ್ನು ಸಿ4ಕ್ಕೆ ತಂದು ಲ್ಯಾರಿ ಇವಾನ್ಸ್ ವಿರುದ್ಧ ಗೆದ್ದರು.