ಹಳೆಯ ಲಾರಿಯ ಶಾಫ್ಟ್ ಸದ್ದು: ಕ್ರಾಸ್ ಬದಲಾಯಿಸುವ ಮೊದಲು ನೋಡತಕ್ಕ ಸಂಗತಿಗಳು

ಅಡಿಕೆ ಮೂಟೆ, ಕಾಫಿ ಚೀಲ, ಗೊಬ್ಬರ ಸಾಗಿಸಲು ಹೊಸ ಲಾರಿ ಕೊಳ್ಳುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರುವುದಿಲ್ಲ. ಇಬ್ಬರು ಮೂವರು ಕೂಡಿ ಬಯಲುಸೀಮೆಯಿಂದ ಹಳೆಯದೊಂದನ್ನು ತರುವುದುಂಟು. ಕೆಎ 38, ಅಂದರೆ ಬೀದರ ಜಿಲ್ಲೆಯ ನಂಬರಿನ ಲಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಔರಾದ ತಾಲೂಕಿನ ಕರಿಮಣ್ಣಿನ ದಾರಿಯಲ್ಲಿ ತೊಗರಿ, ಸೋಯಾ ಹೊತ್ತು, ಭಾಲ್ಕಿಯ ಕಡೆ ಕಬ್ಬು ಹೊತ್ತು ಸವೆದ ಗಾಡಿ ಅದು ಎನ್ನಿ. ಅಲ್ಲಿ ಸುಮ್ಮನಿದ್ದದ್ದು ನಮ್ಮ ಏರುದಾರಿಗೆ ಬಂದೊಡನೆ ಕೆಳಗಿನಿಂದ ‘ಟಕ್’ ಎನ್ನತೊಡಗುತ್ತದೆ. ಕಾರಣವಿಷ್ಟೆ: ತುಂಬಿದ ಲಾರಿ ಒಂದನೇ ಗೇರಿನಲ್ಲಿ ಏರು ಹತ್ತುವಾಗ ಶಾಫ್ಟಿನ ಮೇಲೆ ಬೀಳುವ ತಿರುಚುಬಲ, ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಬೀಳುವುದಿಲ್ಲ.

ಸದ್ದು ಕೇಳಿದೊಡನೆ ಕ್ರಾಸ್ ಬದಲಾಯಿಸುವುದು ವಾಡಿಕೆ. ಹೊಸ ಕ್ರಾಸ್ ಕೆಲವೇ ತಿಂಗಳಲ್ಲಿ ಪುನಃ ಸವೆದರೆ ಬಿಡಿಭಾಗ ಕಳಪೆಯೆಂದು ಅಂಗಡಿಯವನನ್ನು ಬಯ್ಯುತ್ತೇವೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಶಾಫ್ಟ್ ಕುಳಿತ ರೀತಿಯಲ್ಲಿ.

ಮೊದಲು ಸದ್ದು ಯಾವಾಗ ಬರುತ್ತದೆಂಬುದನ್ನು ಗಮನಿಸಬೇಕು. ಗಾಡಿ ಹೊರಡುವಾಗ, ಗೇರ್ ಬದಲಿಸುವಾಗ ಒಂದೇ ಒಂದು ‘ಟಕ್’ ಬಂದರೆ ಕ್ರಾಸ್, ಸ್ಲೀವಿನ ಹಲ್ಲು ಅಥವಾ ಫ್ಲೇಂಜ್ ಬೋಲ್ಟ್ ಸಡಿಲವಾಗಿದೆ. ನಿಧಾನದಲ್ಲಿ ಹಕ್ಕಿಯಂತೆ ‘ಕಿಚ್ ಕಿಚ್’ ಎಂದರೆ ಕ್ರಾಸಿನ ಸೂಜಿ ಬೇರಿಂಗಿನಲ್ಲಿ ಗ್ರೀಸ್ ಒಣಗಿದೆ. ಕಪ್ಪಿನ ಸುತ್ತ ತುಕ್ಕಿನ ಕೆಂಪು ಹುಡಿಯೂ ಕಾಣಬಹುದು. ಲೋಡಿನಲ್ಲಿ ಹೊರಡುವಾಗ ಮಾತ್ರ ಗಾಡಿಯ ನಡು ಗಡಗಡ ನಡುಗಿದರೆ ಸೆಂಟರ್ ಬೇರಿಂಗಿನ ರಬ್ಬರನ್ನು ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಊಳಿಡುವುದು ಬಹುತೇಕ ಕ್ರೌನ್ ಪಿನಿಯನ್ನಿನ ಸದ್ದು, ಶಾಫ್ಟಿನದಲ್ಲ. ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಬಂದರೆ, ನೇರ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಷಣಕಾಲ ನ್ಯೂಟ್ರಲ್ ಮಾಡಿ ನೋಡಿ. ಆಗಲೂ ಉಳಿದರೆ ಇಂಜಿನ್ ನಿರಪರಾಧಿ. ಶಾಫ್ಟೋ ಚಕ್ರವೋ ಎಂದಾಯಿತು. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಕೂಡದು.

ಔರಾದಿನ ಗಾಡಿಗಾದರೆ ಇನ್ನೊಂದು ಮಾತಿದೆ. ಕರಿಮಣ್ಣಿನ ಕೆಸರು ಶಾಫ್ಟಿಗೆ ಮೆತ್ತಿ ಒಣಗಿದರೆ ಗಾರೆಯಂತೆ ಗಟ್ಟಿಯಾಗುತ್ತದೆ. ಶಾಫ್ಟ್ ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವುದರಿಂದ ಒಂದು ಬದಿಯ ಹಿಡಿಮಣ್ಣು ಸಾಕು, ಗಾಡಿಯೆಲ್ಲ ನಡುಗುತ್ತದೆ. ಮೆಕ್ಯಾನಿಕ್ಕಿಗೆ ಹೇಳುವ ಮೊದಲು ಕೆರೆದು ತೊಳೆಯಿರಿ. ಖರ್ಚಿಲ್ಲದ ರಿಪೇರಿಯೆಂದರೆ ಇದೊಂದೇ. ತೊಳೆದಾಗ ಕೊಳವೆಯಲ್ಲಿ ತಗ್ಗು ಬಿದ್ದಿದೆಯೇ, ಬ್ಯಾಲೆನ್ಸಿಗಾಗಿ ಬೆಸುಗೆ ಹಾಕಿದ ತುಣುಕು ಉದುರಿದ ಗುರುತಿದೆಯೇ ನೋಡಿಕೊಳ್ಳಿ. ಇದ್ದರೆ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಲೇಬೇಕು.

ಇನ್ನು ಅಲೈನ್‌ಮೆಂಟ್. ಕ್ರಾಸ್ ಓರೆಯಾಗಿ ತಿರುಗುವಾಗ ಆಚೆಯ ಶಾಫ್ಟ್ ಒಂದೇ ಸಮನಾಗಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ 2 ಸಲ ಮುಂದೋಡಿ 2 ಸಲ ಹಿಂದುಳಿಯುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಶೇಕಡಾ ಒಂದೂವರೆ. 20 ಡಿಗ್ರಿಯಾದರೆ ಶೇಕಡಾ 6. ಇನ್ನೊಂದು ತುದಿಯ ಕ್ರಾಸ್ ಇದನ್ನು ರದ್ದು ಮಾಡುತ್ತದೆ. ಆದರೆ ಅದಕ್ಕೆ ಎರಡು ಷರತ್ತುಗಳಿವೆ: ಎರಡು ತುದಿಯ ಓರೆ ಸಮನಾಗಿರಬೇಕು, ಶಾಫ್ಟಿನ ಎರಡೂ ಫೋರ್ಕುಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಎಷ್ಟೋ ಕಡೆ ಸ್ಲೀವನ್ನು ಬಿಚ್ಚಿ ಕೈಗೆ ಬಂದಂತೆ ಸೇರಿಸಿಬಿಡುತ್ತಾರೆ. ಒಂದು ಹಲ್ಲು ತಪ್ಪಿದರೂ ನಡುಕ ಬಂದೀತು. ಕೆಲವು ಶಾಫ್ಟುಗಳಲ್ಲಿ ಬಾಣದ ಗುರುತುಗಳಿರುತ್ತವೆ. ಇಲ್ಲದಿದ್ದರೆ ಬಿಚ್ಚುವ ಮೊದಲೇ ಬಿಳಿ ಪೇಂಟಿನಿಂದ ಗೆರೆ ಎಳೆಯಿಸಿ.

ಓರೆಯನ್ನು ಅಳೆಯಲು ದೊಡ್ಡ ವರ್ಕ್‌ಶಾಪೇ ಬೇಕೆಂದಿಲ್ಲ. ಸಮತಟ್ಟು ನೆಲದಲ್ಲಿ, ಎಂದಿನಷ್ಟು ಲೋಡು ಇಟ್ಟು ಗಾಡಿ ನಿಲ್ಲಿಸಿ. ಗಾರೆಯವರ ತೂಗುಗುಂಡನ್ನು ಗೇರ್‌ಬಾಕ್ಸಿನ ಹಿಂದಿನ ಫ್ಲೇಂಜಿನ ಪಕ್ಕ ಇಳಿಬಿಟ್ಟು, ಫ್ಲೇಂಜ್ ಎಷ್ಟು ವಾಲಿದೆಯೆಂದು ಮಕ್ಕಳ ಕೋನಮಾಪಕದಿಂದ ನೋಡಿ. ಹಿಂದಿನ ಪಿನಿಯನ್ ಫ್ಲೇಂಜಿಗೂ ಹಾಗೆಯೇ. ಸಾಧಾರಣ ಲಾರಿಯಲ್ಲಿ ಎರಡೂ ಒಂದೇ ದಿಕ್ಕಿಗೆ, ಸುಮಾರು 1 ಡಿಗ್ರಿಯ ಅಂತರದೊಳಗೆ, ವಾಲಿರತಕ್ಕದ್ದು. ವ್ಯತ್ಯಾಸ ಹೆಚ್ಚಿದ್ದರೆ ಯು ಬೋಲ್ಟ್ ಸಡಿಲವೇ, ಸ್ಪ್ರಿಂಗ್ ಪ್ಲೇಟ್ ಮುರಿದಿದೆಯೇ, ಇಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗಿನ ರಬ್ಬರ್ ಕುಸಿದಿದೆಯೇ ಎಂದು ಹುಡುಕಿ. ಕಬ್ಬಿನ ಹೊರೆಗೆಂದು ಹಿಂದಿನವರು ಹೆಚ್ಚಿನ ಪ್ಲೇಟುಗಳನ್ನು ಸೇರಿಸಿದ್ದರೆ, ಖಾಲಿ ಗಾಡಿಯ ಹಿಂಭಾಗ ಎತ್ತರಿಸಿ ನಿಂತು ಶಾಫ್ಟಿನ ಓರೆ ಹೆಚ್ಚುತ್ತದೆ. ಖಾಲಿಯಲ್ಲಿ ಸದ್ದು, ಲೋಡಿನಲ್ಲಿ ಮೌನ ಎಂಬ ದೂರಿಗೆ ಇದೂ ಒಂದು ಕಾರಣ.

ಗ್ರೀಸ್ ಹೊಡೆಯುವಾಗ ಕ್ರಾಸಿನ 4 ಕಪ್ಪುಗಳಿಂದಲೂ ಹಳೆಯ ಗ್ರೀಸ್ ಹೊರಬರಬೇಕು. 3ರಿಂದ ಮಾತ್ರ ಬಂದರೆ ನಾಲ್ಕನೆಯದು ಉಪವಾಸವಿದೆ, ಸವೆಯುವುದು ಅದೇ. ಹಳ್ಳ ದಾಟುವ ಗಾಡಿಗೆ ಮಳೆಗಾಲದಲ್ಲಿ ಗ್ರೀಸ್ ಹೆಚ್ಚು ಸಲ ಬೇಕು. ಶಾಫ್ಟನ್ನು ಕೈಯಿಂದ ಎತ್ತಿ, ತಿರುಗಿಸಿ ನೋಡಿದಾಗ ಕ್ರಾಸಿನಲ್ಲಿ ಆಟ ಕಂಡರೆ ಗ್ರೀಸಿನಿಂದ ಅದು ಸರಿಹೋಗದು.

ಕಡೆಗಣಿಸಿದ ಕ್ರಾಸ್ ಮುರಿದಾಗ ಶಾಫ್ಟಿನ ಮುಂದಿನ ತುದಿ ನೆಲಕ್ಕೆ ಬಿದ್ದು ರಸ್ತೆಗೆ ಚುಚ್ಚಿಕೊಳ್ಳಬಹುದು. ಬೀಸಿ ಹೊಡೆದು ಬ್ರೇಕ್ ಪೈಪನ್ನೂ ಕಡಿಯಬಹುದು. ಘಾಟಿಯಲ್ಲಿ ಆಗ ಗೇರಿನ ಹಿಡಿತವೂ ಇಲ್ಲ. ಹಳೆಯ ಮಹೀಂದ್ರ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದೇ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಹಿಂದಿನ ಶಾಫ್ಟ್ ಹೋದರೆ ಅದೂ ಹೋಯಿತು. ಆದುದರಿಂದ ಅಂಗಳದಲ್ಲಿ ಶಾಫ್ಟ್ ಬಿಚ್ಚುವಾಗಲೂ ಗೇರಿನಲ್ಲಿದೆ ಎಂದು ನಂಬದೆ ಚಕ್ರಗಳ ಹಿಂದೆ ಮುಂದೆ ಮರದ ಅಡೆ ಕೊಟ್ಟೇ ಕೆಳಗೆ ಹೋಗಬೇಕು. ಶಾಫ್ಟಿನ ಮುಂದಿನ ತುದಿಯ ಕೆಳಗೆ, ಬಿದ್ದರೆ ಹಿಡಿಯುವಂತೆ, ಚಾಸಿಸಿಗೆ ದಪ್ಪ ಕಬ್ಬಿಣದ ಪಟ್ಟಿಯ ಬಳೆ ಇದೆಯೇ ನೋಡಿ. ಹಳೆಯ ಗಾಡಿಯಲ್ಲಿ ಅದು ಕಳಚಿಹೋಗಿದ್ದರೆ ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿ ಬೋಲ್ಟ್ ಹಾಕಿಸಬಹುದು.