ಟಯರಿನಡಿಯ ನಿಂಬೆಹಣ್ಣು

ಹೊಸ ಕಾರನ್ನು ಕಾಯ್ದಿರಿಸಿ ಎರಡು ತಿಂಗಳು ಕಳೆದ ಮೇಲೆ, ಜುಲೈ ಮೂರನೆಯ ವಾರದಲ್ಲಿ ಮಾರಾಟ ಮಳಿಗೆಯಿಂದ ಕರೆ ಬಂತು. ವಾಹನ ಬಂದಿದೆ, ಯಾವಾಗ ಬೇಕಾದರೂ ಒಯ್ಯಬಹುದು ಎಂದರು. ಆದರೆ ಅಷ್ಟರಲ್ಲಿ ಪಾಣೆಮಂಗಳೂರಿನ ನಮ್ಮ ಮನೆಯಂಗಳಕ್ಕೆ ಆಟಿ ಕಾಲಿಟ್ಟಿತ್ತು. ಕರ್ಕಾಟಕ ಸಂಕ್ರಮಣದಿಂದ ಸಿಂಹ ಸಂಕ್ರಮಣದವರೆಗಿನ ಈ ತಿಂಗಳಲ್ಲಿ ತುಳುನಾಡಿನವರು ಮದುವೆ ಮಾಡುವುದಿಲ್ಲ, ಮನೆಯೊಕ್ಕಲು ನಡೆಸುವುದಿಲ್ಲ, ಹೊಸ ವಸ್ತುವನ್ನು ಮನೆಗೆ ತರುವುದಿಲ್ಲ. ಸೋಣ ಸಂಕ್ರಮಣ ಕಳೆಯಲಿ ಎಂದು ನನ್ನ ಹೆಂಡತಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಸಂಕೋಚದಿಂದಲೇ ಮಳಿಗೆಗೆ ತಿಳಿಸಿದೆ. ಅಲ್ಲಿನ ತರುಣ ಸ್ವಲ್ಪವೂ ಅಚ್ಚರಿಪಡಲಿಲ್ಲ. "ಆಟಿಯಲ್ಲಿ ನಮ್ಮ ಕಡೆ ಯಾರು ಗಾಡಿ ಇಳಿಸುತ್ತಾರೆ ಸರ್, ನಿಧಾನಕ್ಕೆ ಬನ್ನಿ" ಎಂದ.

ಕಾಯುವಿಕೆ ನಮ್ಮ ತಲೆಮಾರಿಗೆ ಹೊಸದಲ್ಲ. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದವರು ನಾವು. ದೂರವಾಣಿಗೆ, ಅಡುಗೆ ಅನಿಲಕ್ಕೆ, ಸಿಮೆಂಟಿಗೆ ಕಾದವರು. ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರಲ್ಲಿ ಕೊರತೆಯ ಅರ್ಥವ್ಯವಸ್ಥೆಯ ಬಗ್ಗೆ ಬರೆದುದನ್ನು ಓದುವಾಗ, ಅವನು ನಮ್ಮ ಕುರಿತೇ ಬರೆದಿದ್ದಾನೆಂದು ತೋರುತ್ತಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಗ್ರಾಹಕನ ಕೈಗಿತ್ತರೆಂದರೆ, ಒಂದು ಕಾರು ಸಿಗುವುದೇ ಅಂದು ರಾಷ್ಟ್ರೀಯ ಘಟನೆಯಾಗಿತ್ತು. ಈಗ ಕಾಲ ತಿರುಗಿದೆ. ಕಾರು ಬಂದು ನಿಂತಿದೆ, ಗ್ರಾಹಕನೇ ಅದನ್ನು ಕಾಯಿಸುತ್ತಿದ್ದಾನೆ. ಈ ಒಂದು ತಿಂಗಳ ಬಿಡುವು ಸಿಗದಿದ್ದರೆ, ನಾನು ಈ ಲೇಖನದ ವಿಷಯದ ಬಗ್ಗೆ ಯೋಚಿಸುತ್ತಲೇ ಇರಲಿಲ್ಲವೇನೋ.

ವಿಷಯವನ್ನು ಎತ್ತಿದವನು ಕೆನಡಾದ ಮಾಂಟ್ರಿಯಲ್‌ನಲ್ಲಿರುವ ನನ್ನ ಮಗ. ಆ ನಗರವಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿಗಾಲಕ್ಕೆ ಪ್ರತ್ಯೇಕ ಟಯರು ಹಾಕುವುದು 2008ರಿಂದ ಕಾನೂನಿನಂತೆ ಕಡ್ಡಾಯ. 2019ರಿಂದ ಅದರ ಅವಧಿಯನ್ನು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಎಂದು ವಿಸ್ತರಿಸಲಾಗಿದೆ. ಸಾಮಾನ್ಯ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟಯರಿನ ರಬ್ಬರು ಆ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ. ಇದನ್ನೆಲ್ಲ ವಿವರಿಸಿದ ಮಗ ಕೊನೆಗೆ, "ಅಪ್ಪಾ, ನಮ್ಮೂರಿನ ಮಳೆಗಾಲಕ್ಕೆ ನೀವು ಯಾವ ಟಯರು ಆರಿಸಿದ್ದೀರಿ?" ಎಂದು ಕೇಳಿದ. ನಾನು ನಿರುತ್ತರನಾದೆ. ಕಾರಿನ ಬಣ್ಣಕ್ಕಾಗಿ ಮನೆಯಲ್ಲಿ ಮೂರು ದಿನ ಚರ್ಚೆ ನಡೆದಿತ್ತು. ಸೀಟಿನ ಹೊದಿಕೆ, ಹಿಂಬದಿಯ ಕ್ಯಾಮರಾ, ಸಂಗೀತದ ಪೆಟ್ಟಿಗೆ ಎಲ್ಲವನ್ನೂ ಪರಿಶೀಲಿಸಿದ್ದೆವು. ಟಯರು ಯಾವುದೆಂದು ಯಾರೂ ಕೇಳಿರಲಿಲ್ಲ. ಮಾರಾಟ ಮಳಿಗೆಗೆ ದೂರವಾಣಿ ಮಾಡಿ ವಿಚಾರಿಸಿದಾಗ, "ಅದು ಕಂಪೆನಿಯೇ ಹಾಕಿ ಕಳಿಸುವುದು ಸರ್, ಅದರಲ್ಲಿ ಆಯ್ಕೆ ಇಲ್ಲ" ಎಂಬ ಉತ್ತರ ಬಂತು.

ನಮ್ಮ ಕರಾವಳಿಗೆ ಹಿಮ ಬೀಳುವುದಿಲ್ಲ, ನಿಜ. ಆದರೆ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನೇತ್ರಾವತಿಯ ದಡದಲ್ಲಿರುವ ನಮಗೆ ನೀರೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1923ರ ಮತ್ತು 1974ರ ನೆರೆಗಳನ್ನು ಇಲ್ಲಿನವರು ಇಂದಿಗೂ ಕಾಲಗಣನೆಯ ಗುರುತುಗಳಂತೆ ಬಳಸುತ್ತಾರೆ. ಹಳೆಯ ಸಂಖ್ಯೆ 48 ಹೋಗಿ 2010ರ ಮರುಸಂಖ್ಯೆಯಂತೆ 75 ಆದ ರಾಷ್ಟ್ರೀಯ ಹೆದ್ದಾರಿ ನಮ್ಮೂರ ಪಕ್ಕದಲ್ಲೇ ಹೊಳೆ ದಾಟಿ, ಮೇಲ್ಕಾರ್, ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ ಮಾರ್ಗವಾಗಿ ಶಿರಾಡಿ ಘಾಟಿಗೆ ಏರುತ್ತದೆ. ಮೊದಲಿದ್ದ ಕಿರಿದಾದ, ತಿರುವುಗಳ ರಸ್ತೆಯಲ್ಲಿ ವೇಗಕ್ಕೆ ತಾನಾಗಿಯೇ ಒಂದು ಮಿತಿಯಿತ್ತು. ಚತುಷ್ಪಥದ ಭಾಗಗಳೂ ಕಲ್ಲಡ್ಕದ ಮೇಲ್ಸೇತುವೆಯೂ ಬಂದ ಮೇಲೆ ಆ ಮಿತಿ ಕಳಚಿದೆ. ರಸ್ತೆ ಬದಲಾಗಿದೆ, ಮಳೆ ಬದಲಾಗಿಲ್ಲ. ಇವೆರಡರ ನಡುವೆ ನಿಂತಿರುವುದು ಟಯರು ಮಾತ್ರ.

ಕಾರಿನ ಒಂದೊಂದು ಟಯರೂ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಒಂದು ಟನ್ನಿಗೂ ಮಿಕ್ಕಿದ ವಾಹನ ನಾಲ್ಕು ಅಂಗೈಗಳ ಮೇಲೆ ಓಡುತ್ತದೆ. ಮಳೆಯಲ್ಲಿ ಆ ಅಂಗೈಯಡಿಯ ನೀರನ್ನು ಆಚೆ ತಳ್ಳುವ ಕೆಲಸ ಟಯರಿನ ಮೇಲ್ಮೈಯ ಗಾಡಿಗಳದ್ದು. ಹೊಸ ಟಯರಿನಲ್ಲಿ ಅವುಗಳ ಆಳ ಏಳೆಂಟು ಮಿಲಿಮೀಟರು. ಸವೆದಂತೆಲ್ಲ ನೀರಿಗೆ ಹೋಗಲು ದಾರಿ ಕಡಿಮೆಯಾಗಿ, ಒಂದು ವೇಗದಲ್ಲಿ ಟಯರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಪ್ರಯೋಜನವಿಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನಗಳ ಟಯರುಗಳ ಮೇಲೆ ನಡೆಸಿದ ಸಂಶೋಧನೆಯಿಂದ ಇದಕ್ಕೊಂದು ಸರಳ ಸೂತ್ರ ದೊರಕಿತು. ಅದರ ಪ್ರಕಾರ, ನಿಂತ ನೀರಿನಲ್ಲಿ ಬೋಳು ಟಯರು ತೇಲುವ ವೇಗ ಒಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. 33 ಪಿಎಸ್‌ಐ ಗಾಳಿಯಿದ್ದರೆ ಗಂಟೆಗೆ ಸುಮಾರು 96 ಕಿಲೋಮೀಟರು, ಗಾಳಿ 24ಕ್ಕೆ ಇಳಿದಿದ್ದರೆ ಸುಮಾರು 82. ವಾರಕ್ಕೊಮ್ಮೆ ಗಾಳಿ ನೋಡಿಸದಿರುವ ಸೋಮಾರಿತನದ ಬೆಲೆ ಗಂಟೆಗೆ 14 ಕಿಲೋಮೀಟರು ಎಂದಾಯಿತು.

ತೇಲುವವರೆಗೆ ಹೋಗಬೇಕಾಗಿಯೂ ಇಲ್ಲ. 80 ಕಿಲೋಮೀಟರು ವೇಗದಲ್ಲಿ ಬ್ರೇಕ್ ಒತ್ತಿದ ಕಾರು, ರಸ್ತೆಯ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ, 31 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಅದು 0.5ಕ್ಕೆ ಇಳಿದರೆ 50 ಮೀಟರು ಬೇಕು. ಸವೆದ ಟಯರು, ನಿಂತ ನೀರು ಸೇರಿ 0.3 ಆದರೆ 84 ಮೀಟರು. ಇದು ಪ್ರೌಢಶಾಲೆಯ ಭೌತಶಾಸ್ತ್ರ. ಈ ವ್ಯತ್ಯಾಸದ 50 ಮೀಟರಿನೊಳಗೆ ರಸ್ತೆ ದಾಟುವ ಶಾಲೆಯ ಮಗು ಇರಬಹುದು, ನಿಂತ ಬಸ್ಸಿರಬಹುದು.

ಈ ಲೆಕ್ಕವನ್ನು ನಾನು ಬಹಳ ತಡವಾಗಿ ಕಲಿತೆ. 1994ರಲ್ಲಿ ಇಲಾಖೆಯೊಂದರ ಅಧಿಕಾರಿಯಾಗಿದ್ದಾಗ ನನಗೊಂದು ಜೀಪು ಇತ್ತು. ಮೇ ತಿಂಗಳಲ್ಲಿ ನಮ್ಮ ಚಾಲಕ ಹೊಸ ಟಯರುಗಳಿಗಾಗಿ ಬೇಡಿಕೆ ಸಲ್ಲಿಸಿದ. "ಬೋಳಾಗಿದೆ ಸರ್, ಮಳೆ ಹಿಡಿಯುವ ಮೊದಲು ಬದಲಿಸುವ" ಎಂದು ಬಾಯಿಮಾತಿನಲ್ಲೂ ಹೇಳಿದ. ನಿಗದಿತ ಕಿಲೋಮೀಟರು ಓಡಿದ ಮೇಲಷ್ಟೇ ಟಯರು ಬದಲಿಸಬೇಕೆಂಬ ನಿಯಮವಿತ್ತು. ನಾನು ಕಡತದ ಮೇಲೆ, "ನಿಗದಿತ ದೂರ ಪೂರ್ಣಗೊಂಡಿಲ್ಲ. ಮುಂದಿನ ತ್ರೈಮಾಸಿಕದಲ್ಲಿ ಪರಿಶೀಲಿಸಬಹುದು" ಎಂದು ಬರೆದು ಸಹಿ ಹಾಕಿದೆ. ಜುಲೈಯ ಒಂದು ಸಂಜೆ ಮಾಣಿಯ ಕಡೆಯಿಂದ ಮರಳುವಾಗ ತಿರುವಿನಲ್ಲಿ ಜೀಪು ಜಾರಿ ಬದಿಯ ಮರಕ್ಕೆ ಬಡಿಯಿತು. ನನಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಚಾಲಕನ ಬಲಮಂಡಿ ಪುಡಿಯಾಯಿತು. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದು ಎದ್ದವನು ಮತ್ತೆ ಮೊದಲಿನಂತೆ ನಡೆಯಲಿಲ್ಲ. ವಿಚಾರಣಾ ವರದಿಯಲ್ಲಿ ಅಪಘಾತಕ್ಕೆ ಕಾರಣ "ಮಳೆ" ಎಂದಿತ್ತು. ನನ್ನ ಷರಾ ಅದರಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ, ಅವನೂ ಎಂದೂ ಅದನ್ನು ಎತ್ತಲಿಲ್ಲ. ನಾಲ್ಕು ಟಯರುಗಳ ಖರ್ಚನ್ನು ಒಂದು ತ್ರೈಮಾಸಿಕ ಮುಂದೂಡಿ ನಾನು ಸರ್ಕಾರಕ್ಕೆ ಉಳಿಸಿದ್ದು ಆ ಮೊತ್ತದ ಮೂರು ತಿಂಗಳ ಬಡ್ಡಿಯನ್ನು ಮಾತ್ರ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಇಷ್ಟು ಲೆಕ್ಕ ತಿಳಿದಿರಬೇಕಿತ್ತು.

ಆ ನಿಯಮ ಅಳೆಯುತ್ತಿದ್ದುದು ಓಡಿದ ದೂರವನ್ನು, ಉಳಿದ ಆಳವನ್ನಲ್ಲ. ಇಂದಿನ ನಮ್ಮ ಒಟ್ಟು ವ್ಯವಸ್ಥೆಯಲ್ಲೂ ಅಂಥದೇ ಒಂದು ಕುರುಡು ಚುಕ್ಕೆಯಿದೆ. ಕಾರಿನ ಟಯರಿನ ಗಾಡಿಯ ಆಳ ಕನಿಷ್ಠ 1.6 ಮಿಲಿಮೀಟರು ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ ಅಪೇಕ್ಷೆ. ಗಾಡಿಯೊಳಗಿನ ಚಿಕ್ಕ ದಿಂಡುಗಳ ಮಟ್ಟಕ್ಕೆ ರಬ್ಬರು ಸವೆದರೆ ಆ ಮಿತಿ ತಲುಪಿತೆಂದು ಅರ್ಥ. ಮಳೆ ನಾಡಿನಲ್ಲಿ 3 ಮಿಲಿಮೀಟರಿಗೇ ಬದಲಿಸುವುದು ಲೇಸೆಂದು ಬಲ್ಲವರು ಹೇಳುತ್ತಾರೆ. ಆದರೆ ಇದನ್ನು ನೋಡುವವರು ಯಾರು? ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ಅವಧಿಯಲ್ಲಿ ಹೊಗೆ ತಪಾಸಣೆ ಮತ್ತೆ ಮತ್ತೆ ನಡೆಯುತ್ತದೆ, ವಿಮೆಯನ್ನು ನವೀಕರಿಸಲೇಬೇಕು, ಟಯರನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಹೊಗೆ ತಪಾಸಣೆಯ ಸ್ಥಳದಲ್ಲೇ ಆಳ ಅಳೆಯುವ ಒಂದು ಚಿಕ್ಕ ಅಳತೆಗೋಲನ್ನು ಇಟ್ಟು, ಪ್ರಮಾಣಪತ್ರದಲ್ಲಿ ನಾಲ್ಕು ಅಂಕಿಗಳನ್ನು ನಮೂದಿಸಲು ಐದು ನಿಮಿಷವೂ ಬೇಡ.

ಇನ್ನು ಆಯ್ಕೆಯ ಪ್ರಶ್ನೆ. ಬಿ.ಸಿ.ರೋಡಿನ ಟಯರಂಗಡಿಯೊಂದಕ್ಕೆ ಹೋಗಿ ಅರ್ಧ ದಿನ ಕಳೆದೆ. ಟಯರಿನ ಪಕ್ಕದಲ್ಲಿ ಒಂದು ಜಾತಕವೇ ಅಚ್ಚಾಗಿರುತ್ತದೆ. 185/65 ಆರ್ 15 88 ಎಚ್ ಎಂದಿದ್ದರೆ, ಅಗಲ 185 ಮಿಲಿಮೀಟರು, ಎತ್ತರ ಅಗಲದ ಶೇ 65, ರಿಮ್ಮಿನ ವ್ಯಾಸ 15 ಇಂಚು, ಹೊರಬಲ್ಲ ಭಾರ 560 ಕಿಲೋಗ್ರಾಂ, ತಡೆದುಕೊಳ್ಳುವ ಗರಿಷ್ಠ ವೇಗ ಗಂಟೆಗೆ 210 ಕಿಲೋಮೀಟರು ಎಂದರ್ಥ. ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೆಯ ವಾರ. ಇಷ್ಟೆಲ್ಲ ಬರೆದಿದ್ದರೂ ನನಗೆ ಬೇಕಾದ ಒಂದೇ ಸಂಗತಿ, ಒದ್ದೆ ರಸ್ತೆಯಲ್ಲಿ ಇದರ ಹಿಡಿತ ಎಷ್ಟು ಎಂಬುದು, ನಾನು ನೋಡಿದ ಯಾವ ಟಯರಿನ ಮೇಲೂ ಇರಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2012ರ ನವೆಂಬರಿನಿಂದ ಈ ಹಿಡಿತದ ದರ್ಜೆಯನ್ನು ಅಕ್ಷರದಲ್ಲಿ ತೋರಿಸುವ ಚೀಟಿ ಕಡ್ಡಾಯ. ನಮ್ಮಲ್ಲಿ 2022ರ ಜೂನ್‌ನ ತಿದ್ದುಪಡಿಯ ಮೂಲಕ ಒದ್ದೆ ಹಿಡಿತ, ಉರುಳುವಿಕೆಯ ತಡೆ ಮತ್ತು ಸದ್ದಿಗೆ ಮಾನದಂಡಗಳನ್ನು ವಿಧಿಸಲಾಯಿತು, ಹೊಸ ವಿನ್ಯಾಸದ ಟಯರುಗಳಿಗೆ ಅದೇ ಅಕ್ಟೋಬರ್ 1ರಿಂದ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಉತ್ತೀರ್ಣರೆಲ್ಲರೂ ಒಂದೇ ಅಂಕ ಪಡೆದವರಲ್ಲ. ಆ ಅಂಕವೂ ಗ್ರಾಹಕನಿಗೆ ಕಾಣಬೇಕು.

ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಹಳೆಯ ಕಾರುಗಳ ಮಾರುಕಟ್ಟೆಯ ಕುರಿತದ್ದು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣು ಎನ್ನುತ್ತಾರೆ. ಮಾರುವವನಿಗೆ ತಿಳಿದಿರುವ ಗುಣ ಕೊಳ್ಳುವವನಿಗೆ ತಿಳಿಯದಿದ್ದಾಗ, ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದೆ ಅದು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ ಎಂಬುದು ಆ ಪ್ರಬಂಧದ ಸಾರ. ಟಯರಿಗೂ ಇದು ಅನ್ವಯಿಸುತ್ತದೆ. ಕಾರು ತಯಾರಕನಿಗೆ ಇಂಧನ ಕ್ಷಮತೆಯ ಅಂಕಿ ಮುಖ್ಯ, ಏಕೆಂದರೆ ಗ್ರಾಹಕ ಕೇಳುವುದು ಮೈಲೇಜನ್ನು. ಸುಲಭವಾಗಿ ಉರುಳುವ ಗುಣವನ್ನೂ ಒದ್ದೆ ರಸ್ತೆಯ ಹಿಡಿತವನ್ನೂ ಒಂದೇ ಟಯರಿನಲ್ಲಿ ಕೂಡಿಸುವುದು ಕಷ್ಟ, ಖರ್ಚಿನ ಬಾಬತ್ತು ಕೂಡ. ಕಾಣುವ ಗುಣಕ್ಕೆ ಹಣ ಸಂದಾಯವಾಗುತ್ತದೆ, ಕಾಣದ ಗುಣಕ್ಕೆ ಇಲ್ಲ. ವಿಪರ್ಯಾಸವೆಂದರೆ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ತೋಟಗಳಲ್ಲಿ ರಬ್ಬರು ಬೆಳೆಯುವವರು ನಾವೇ. ಹಾಳೆಯಾಗಿ ಹೋದ ರಬ್ಬರು ಟಯರಾಗಿ ಮರಳುವಾಗ ನಮಗದು ಅಪರಿಚಿತ.

ಕೊನೆಗೆ ನಾನು ತೀರ್ಮಾನಿಸಿದ್ದಿಷ್ಟು. ಹೊಚ್ಚ ಹೊಸ ಟಯರುಗಳನ್ನು ಕಳಚಿ ಬೇರೆ ಹಾಕಿಸುವುದು ನಮ್ಮಂಥ ಪಿಂಚಣಿದಾರರಿಗೆ ಹೊಂದುವ ಮಾತಲ್ಲ. ಬಂದದ್ದನ್ನು ಇಟ್ಟುಕೊಳ್ಳುತ್ತೇನೆ, ಆದರೆ ತಯಾರಿಕೆಯ ವಾರವನ್ನು ಓದಿಯೇ ಸಹಿ ಹಾಕುತ್ತೇನೆ. ಸ್ಟೆಪ್ನಿ ಇದೆಯೇ ಎಂದೂ ನೋಡುತ್ತೇನೆ, ಏಕೆಂದರೆ 2020ರ ತಿದ್ದುಪಡಿಯ ನಂತರ, ಒತ್ತಡ ಸೂಚಕ ಮತ್ತು ದುರಸ್ತಿ ಕಿಟ್ ಇರುವ ಟ್ಯೂಬ್‌ಲೆಸ್ ಟಯರಿನ ಕಾರಿಗೆ ಅದು ಕಡ್ಡಾಯವಲ್ಲ. ಆಳ 3 ಮಿಲಿಮೀಟರಿಗೆ ಬಂದ ವರ್ಷ ಮೇ ತಿಂಗಳಲ್ಲೇ, ಕಿಲೋಮೀಟರಿನ ಲೆಕ್ಕ ನೋಡದೆ ಬದಲಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ನೆಪ ಹೇಳಲು ಒಂದು ಕಾರಣ ಕಡಿಮೆಯಾಯಿತು. ಎರಡೇ ಟಯರು ಹಾಕಿಸುವಂತಿದ್ದರೆ ಹೊಸವು ಹಿಂದಿನ ಚಕ್ರಗಳಿಗೆ, ಏಕೆಂದರೆ ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಸಾವರಿಸಿಕೊಳ್ಳುವುದು ಬಲು ಕಷ್ಟ.

ಸೋಣ ಸಂಕ್ರಮಣ ಕಳೆದ ಮೇಲೆ ಕಾರು ಇಳಿಸುವ ದಿನ ನಿಶ್ಚಯವಾಗಿದೆ. ಮಾಲೆ ಹಾಕಿ, ಕುಂಕುಮ ಹಚ್ಚಿ, ನಾಲ್ಕು ಟಯರಿನಡಿ ನಾಲ್ಕು ನಿಂಬೆಹಣ್ಣು ಇಟ್ಟು ಹೊರಡಿಸುವುದು ಪದ್ಧತಿ. ನನ್ನ ಹಳೆಯ ಚಾಲಕನಿಗೆ ದೂರವಾಣಿ ಮಾಡಿ ಆ ದಿನ ಬರಬೇಕೆಂದು ಕೇಳಿಕೊಂಡೆ. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕಡತದ ಮಾತನ್ನೂ ನಾನೇ ಎತ್ತಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಹೇಳಿದ, "ಬರುತ್ತೇನೆ ಸರ್. ಮೊದಲು ಟಯರು ನೋಡುವ, ನಿಂಬೆಹಣ್ಣು ಮತ್ತೆ ಇಡುವ."