ಪಕ್ಕದ ಹಾಯಿ

ಎಂಟು ತಿಂಗಳು ಭೂಮಿಯನ್ನು ಸುತ್ತಿ ಬಂದು, ಇನ್ನೊಂದೇ ಹಂತ ಉಳಿದಿದೆ ಅನ್ನುವಾಗ ಅಂಕಪಟ್ಟಿ ಹೀಗಿತ್ತು: ಮಾಪ್‌ಫ್ರೆ 65, ಬ್ರುನೆಲ್ 65, ಡಾಂಗ್‌ಫೆಂಗ್ 64. 2018ರ ಜೂನ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಮೂರೂ ಹಾಯಿದೋಣಿಗಳು ನೆದರ್‌ಲೆಂಡ್ಸ್‌ನ ಹೇಗ್ ಕಡೆಗೆ ಹೊರಟವು. ಬೆನ್ನ ಹಿಂದೆ ಸುಮಾರು 45,000 ನಾಟಿಕಲ್ ಮೈಲಿಯ ದಾರಿ. ಮೂವರಲ್ಲಿ ಯಾರು ಮುಂದೆ ಮುಟ್ಟುತ್ತಾರೋ ಅವರದೇ ಕಪ್ಪು.

ಡಚ್ ಕರಾವಳಿಯ ಹತ್ತಿರ ಸರಕು ಹಡಗುಗಳಿಗೆಂದು ಮೀಸಲಾದ ಪಟ್ಟಿಯೊಂದಿದೆ. ಸ್ಪರ್ಧೆಯ ದೋಣಿಗಳು ಅದರೊಳಕ್ಕೆ ಹೋಗುವಂತಿಲ್ಲ, ಎಡಕ್ಕೋ ಬಲಕ್ಕೋ ಬಳಸಿ ಬರಬೇಕು. ಮಾಪ್‌ಫ್ರೆ, ಬ್ರುನೆಲ್ ಪಡುವಣದ ಆಳಗಡಲನ್ನು ಹಿಡಿದವು. ಡಾಂಗ್‌ಫೆಂಗ್‌ನ ಫ್ರೆಂಚ್ ಸ್ಕಿಪ್ಪರ್ ಚಾರ್ಲ್ಸ್ ಕೋದ್ರೆಲಿಯೆ ದಂಡೆಯ ಮಗ್ಗುಲಿಗೆ ತಿರುಗಿಸಿದರು. ಅದುವರೆಗೆ ಒಂದು ಹಂತವನ್ನೂ ಗೆಲ್ಲದೆ, ಹೆಚ್ಚಾಗಿ ಎರಡನೆಯ ಮೂರನೆಯ ಸ್ಥಾನಗಳಲ್ಲೇ ಅಂಕ ಕೂಡಿಸಿಕೊಂಡು ಬಂದಿದ್ದ ದೋಣಿ ಅದು. ಜೂನ್ 24ರಂದು ಆ ಒಂದು ಹಂತವನ್ನು ಗೆದ್ದಿತು, ಜೊತೆಗೆ ಇಡೀ ಸ್ಪರ್ಧೆಯನ್ನೂ. ಕೊನೆಯ ಲೆಕ್ಕ ಡಾಂಗ್‌ಫೆಂಗ್ 73, ಮಾಪ್‌ಫ್ರೆ 70, ಬ್ರುನೆಲ್ 69. ಬ್ರುನೆಲ್‌ನ ಸ್ಕಿಪ್ಪರ್ ಬೌವೆ ಬೆಕಿಂಗ್ ಅವರಿಗೆ ಇದು ಎಂಟನೆಯ ಪ್ರಯತ್ನ. ಎಂಟರಲ್ಲಿ ಒಮ್ಮೆಯೂ ಕಪ್ಪು ಕೈಗೆ ಬಂದಿಲ್ಲ. ಈ ಮನುಷ್ಯನ ಮಾತು ಮುಂದೆ ಮತ್ತೆ ಬರುತ್ತದೆ.

ಇಂದು 'ದಿ ಓಷನ್ ರೇಸ್' ಅನ್ನುವ ಈ ಸ್ಪರ್ಧೆ 1973ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಶುರುವಾದಾಗ ವಿಟ್‌ಬ್ರೆಡ್ ಎಂಬ ಬಿಯರ್ ಕಂಪನಿಯ ಹೆಸರು ಹೊತ್ತಿತ್ತು. ಆಮೇಲೆ ವೋಲ್ವೊ ಹೆಸರು ಬಂತು. ಮೊದಲ ಸಲ ಗೆದ್ದವರು ಮೆಕ್ಸಿಕೊದ ರಮೋನ್ ಕಾರ್ಲಿನ್. ದೋಣಿಗಳಿಗೂ ಪ್ರಾಯೋಜಕರದೇ ಹೆಸರು. ಮಾಪ್‌ಫ್ರೆ ವಿಮಾ ಕಂಪನಿ, ಡಾಂಗ್‌ಫೆಂಗ್ ಚೀನಾದ ಲಾರಿ ಕಂಪನಿ, ವೆಸ್ಟಾಸ್ ಗಾಳಿಯಂತ್ರದ್ದು. ಷೇರುಪೇಟೆಯ ಪುಟ ಓದಿದಂತಾಗುತ್ತದೆ, ಕಡಲಿನ ಯಾವ ಘಮವೂ ಆ ಹೆಸರುಗಳಲ್ಲಿಲ್ಲ. ಅದೊಂದು ಕೊರಗು ನನ್ನದು.

ಪೈಪೋಟಿ ಇಷ್ಟು ಬಿಗಿಯಾದದ್ದು 2014ರಿಂದ. ಅದಕ್ಕೂ ಮುಂಚೆ ತಂಡಗಳು ತಮ್ಮತಮ್ಮ ವಿನ್ಯಾಸಕಾರರನ್ನು ಹಿಡಿದು ದೋಣಿ ಕಟ್ಟಿಸುತ್ತಿದ್ದವು. ಹೆಚ್ಚು ದುಡ್ಡಿದ್ದವರದು ಹೆಚ್ಚು ಓಡುತ್ತಿತ್ತು. 2014-15ರ ಸ್ಪರ್ಧೆಗೆ ಎಲ್ಲರಿಗೂ ಒಂದೇ ಅಚ್ಚಿನ, 65 ಅಡಿಯ ದೋಣಿ ಬಂತು. ಬಂದರುಗಳಲ್ಲಿ ರಿಪೇರಿಗೆ ತಂಡಕ್ಕೊಂದು ಬಿಡಾರ ಇರುತ್ತಿದ್ದುದು ಹೋಗಿ, ಎಲ್ಲರಿಗೂ ಸೇರಿ 'ಬೋಟ್‌ಯಾರ್ಡ್' ಎಂಬ ಒಂದೇ ವರ್ಕ್‌ಶಾಪ್ ಆಯಿತು. ಒಂದೇ ಸೂರಿನಡಿ ಎಲ್ಲರ ಹಾಯಿಗೂ ಹೊಲಿಗೆ, ಎಲ್ಲರ ಹಗ್ಗಕ್ಕೂ ಗಂಟು. ಎದುರಾಳಿಯ ಹಾಯಿ ಎಲ್ಲಿ ಹರಿದಿದೆ ಎಂಬುದು ಮುಚ್ಚಿಡುವ ಸಂಗತಿಯಾಗಿ ಉಳಿಯಲೇ ಇಲ್ಲ.

ದೋಣಿ ಒಂದೇ ಆದಮೇಲೆ ಉಳಿದದ್ದು ಜನ. ಆ ಸಲದ ಮೊದಲ ಹಂತ ಸ್ಪೇನಿನ ಅಲಿಕಾಂತೆಯಿಂದ ಕೇಪ್‌ಟೌನ್‌ವರೆಗೆ, 25 ದಿನ. ಅಬುಧಾಬಿ ತಂಡದ ದೋಣಿ ಮುಟ್ಟಿ 12 ನಿಮಿಷಕ್ಕೆ ಡಾಂಗ್‌ಫೆಂಗ್ ಬಂತು. ಸಮುದ್ರದಲ್ಲಿ ಆಗಾಗ ಎಲ್ಲರ ಸ್ಥಾನದ ವರದಿ ಬರುತ್ತದೆ. ಹತ್ತಿರವಿದ್ದರಂತೂ ಪಕ್ಕದ ದೋಣಿಯ ವೇಗವೂ ದಿಕ್ಕೂ ಪರದೆಯ ಮೇಲೆ ಕಾಣುತ್ತಿರುತ್ತದೆ. ಅವರು ಅರ್ಧ ನಾಟ್ ಜಾಸ್ತಿ ಓಡಿದರೆ ಸಾಕು, ಇಲ್ಲಿ ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ಸಾಮಾನಿನ ಮೂಟೆಗಳನ್ನೆಲ್ಲ ಗಾಳಿ ಬೀಸುವ ಮಗ್ಗುಲಿಗೆ ಸಾಗಿಸುತ್ತಾರೆ. ಭಾರ ಆ ಕಡೆ ಬಿದ್ದರೆ ದೋಣಿ ಕಡಿಮೆ ವಾಲುತ್ತದೆ, ಚೂರು ಬೇಗ ಓಡುತ್ತದೆ. ನಾಲ್ಕು ಗಂಟೆ ದುಡಿಮೆ, ನಾಲ್ಕು ಗಂಟೆ ವಿಶ್ರಾಂತಿ. ಒಬ್ಬ ಎದ್ದ ಹಾಸಿಗೆಯಲ್ಲೇ ಇನ್ನೊಬ್ಬನ ನಿದ್ದೆ. ಊಟವೆಂದರೆ ಒಣಪುಡಿಗೆ ಬಿಸಿನೀರು.

ಹಾಯಿದೋಣಿ ಸ್ಪರ್ಧೆಯ ನಿಯಮಪುಸ್ತಕದ ಮೊಟ್ಟಮೊದಲ ನಿಯಮ ಗೆಲುವಿನ ಮಾತೆತ್ತುವುದಿಲ್ಲ. ಅಪಾಯದಲ್ಲಿರುವವರಿಗೆ ಕೈಲಾದ ಎಲ್ಲ ನೆರವನ್ನೂ ಕೊಡಬೇಕು ಎನ್ನುತ್ತದೆ ಅದು. 2014ರ ನವೆಂಬರ್ 29ರ ರಾತ್ರಿ, ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಹೋಸ್ ಹವಳದಿಬ್ಬಕ್ಕೆ ವೆಸ್ಟಾಸ್ ದೋಣಿ 19 ನಾಟ್ ವೇಗದಲ್ಲಿ ಅಪ್ಪಳಿಸಿತು. ಕಂಪ್ಯೂಟರಿನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ, ದಿಬ್ಬ ಕಂಡಿರಲಿಲ್ಲ. ದೋಣಿಯಲ್ಲಿ ಒಂಬತ್ತು ಜನ. ಹತ್ತಿರವಿದ್ದದ್ದು ಆಲ್ವಿಮೆಡಿಕಾ, ಅದರ ಸ್ಕಿಪ್ಪರ್ ಅಮೆರಿಕದ ಚಾರ್ಲಿ ಎನ್‌ರೈಟ್. ಸ್ಪರ್ಧೆಯನ್ನು ಬದಿಗಿಟ್ಟು ಅವರು ದೋಣಿ ತಿರುಗಿಸಿದರು. ಕತ್ತಲಲ್ಲಿ ದಿಬ್ಬದ ಹತ್ತಿರ ಹೋದರೆ ತಮ್ಮದೂ ಒಡೆದೀತು. ಹಾಗಾಗಿ ದೂರದಲ್ಲೇ ಅತ್ತಿತ್ತ ಓಡಾಡುತ್ತ, ರೇಡಿಯೊದಲ್ಲಿ ಮಾತಾಡುತ್ತ ರಾತ್ರಿಯಿಡೀ ಕಾದರು. ವೆಸ್ಟಾಸ್‌ನವರು ನೀರಲ್ಲಿ ನಡೆದು ದಿಬ್ಬದ ಒಣಭಾಗ ಸೇರಿದರು. ಅಲ್ಲಿನ ಪುಟ್ಟ ದ್ವೀಪದ ಕರಾವಳಿ ಕಾವಲು ಪಡೆಯ ದೋಣಿ ಅವರನ್ನು ಎತ್ತಿಕೊಂಡ ಮೇಲೆಯೇ ಆಲ್ವಿಮೆಡಿಕಾ ಅಬುಧಾಬಿಯ ದಾರಿ ಹಿಡಿದದ್ದು. ಚೂರಾದ ದೋಣಿಯನ್ನು ಇಟಲಿಗೆ ಒಯ್ದು ಮತ್ತೆ ಕಟ್ಟಿದರು. ಮುಂದಿನ ಜೂನ್‌ನಲ್ಲಿ ಲಿಸ್ಬನ್‌ನಿಂದ ಅದು ಮರಳಿ ಸ್ಪರ್ಧೆಗಿಳಿಯಿತು.

ಎನ್‌ರೈಟ್ ಕಡೆಗೂ ಗೆದ್ದದ್ದು 2023ರಲ್ಲಿ, ಅದೂ ವಿಚಿತ್ರ ರೀತಿಯಲ್ಲಿ. ಮುಂಚೂಣಿಯಲ್ಲಿದ್ದ ಅವರ ದೋಣಿಗೆ ಕೊನೆಯ ಹಂತದ ಆರಂಭದಲ್ಲೇ, ಹೇಗ್‌ನಲ್ಲಿ, ಗೀಯೋ ತಂಡದ ದೋಣಿ ಬಂದು ಗುದ್ದಿತು. ಗುದ್ದಿದವರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ತೀರ್ಪುಗಾರರು ಎನ್‌ರೈಟ್ ತಂಡಕ್ಕೆ 4 ಅಂಕ ಪರಿಹಾರ ಕೊಟ್ಟರು, ಅದರಿಂದಲೇ ಕಪ್ಪು ಬಂತು.

ನೆರವು ಯಾವಾಗಲೂ ಎಟುಕುವುದೂ ಇಲ್ಲ. 2018ರ ಮಾರ್ಚ್‌ನಲ್ಲಿ ದಕ್ಷಿಣ ಮಹಾಸಾಗರದಲ್ಲಿ ಸ್ಕಾಲಿವಾಗ್ ದೋಣಿಯಿಂದ ಜಾನ್ ಫಿಶರ್ ನೀರಿಗೆ ಬಿದ್ದಾಗ ಮಿಕ್ಕ ದೋಣಿಗಳು ಗಾಳಿಯ ಜೊತೆ ಬಹಳ ಮುಂದೆ ಹೋಗಿಬಿಟ್ಟಿದ್ದವು. ಆ ಬಿರುಗಾಳಿಗೆ ಎದುರಾಗಿ ಹಿಂತಿರುಗುವುದು ಆಗದ ಮಾತಾಗಿತ್ತು. ಫಿಶರ್ ಸಿಗಲಿಲ್ಲ.

ಈಗ ಬೆಕಿಂಗ್ ಮಾತು. 2006ರ ಮೇ ತಿಂಗಳಲ್ಲಿ ಅವರು ಮೋವಿಸ್ಟಾರ್ ದೋಣಿಯ ಸ್ಕಿಪ್ಪರ್, ನ್ಯೂಯಾರ್ಕ್‌ನಿಂದ ಪೋರ್ಟ್ಸ್‌ಮತ್‌ಗೆ ಬರುತ್ತಿದ್ದರು. ಅದೇ ದಾರಿಯಲ್ಲಿದ್ದ ಎಬಿಎನ್ ಆಮ್ರೊ ಟೂ ದೋಣಿಯಿಂದ ಹಾನ್ಸ್ ಹೋರೆವೂಟ್ಸ್ ಎಂಬ ನಾವಿಕ ಮೇ 18ರ ಕತ್ತಲಲ್ಲಿ ಕಡಲಿಗೆ ಬಿದ್ದ. ಜೊತೆಗಾರರು ಹಿಂತಿರುಗಿ, ಹುಡುಕಿ, ಮೇಲೆತ್ತಿಕೊಂಡರು. ಜೀವ ಉಳಿಯಲಿಲ್ಲ. ಬಹುತೇಕ ಎಳೆಯರೇ ಇದ್ದ ತಂಡ ಅದು, ಹೆಣವನ್ನಿಟ್ಟುಕೊಂಡೇ ಮುಂದೆ ಸಾಗಿತು. ಎರಡು ದಿನಕ್ಕೆ ಮೋವಿಸ್ಟಾರ್‌ನ ತಳದ ಕೀಲ್ ಜೋಡಣೆ ಬಿಟ್ಟು ನೀರು ನುಗ್ಗತೊಡಗಿತು. ಹಿಂದಿನಿಂದ ಬಿರುಗಾಳಿ ಬರುತ್ತಿತ್ತು. ಹತ್ತಿರವಿದ್ದದ್ದು ಅದೇ ದುಃಖದ ದೋಣಿ. ಮೇ 21ರಂದು ಬೆಕಿಂಗ್ ಮತ್ತು ಅವರ ಒಂಬತ್ತು ಜನ ತಮ್ಮ ದೋಣಿಯನ್ನು ಬಿಟ್ಟು ಅದನ್ನು ಹತ್ತಿದರು. ಹತ್ತು ಜನಕ್ಕೆಂದು ಕಟ್ಟಿದ ದೋಣಿಯಲ್ಲಿ ಎರಡು ತಂಡ, ಒಂದು ಹೆಣ.

ಬಿಟ್ಟುಬಂದ ಮೋವಿಸ್ಟಾರ್ ಮತ್ತೆ ಸಿಗಲಿಲ್ಲ. ಎರಡು ವರ್ಷ ಕಳೆದು, 2008ರ ಕೊನೆಯಲ್ಲಿ ಈ ಸ್ಪರ್ಧೆ ನಮ್ಮ ಕೊಚ್ಚಿಗೆ ಬಂದಾಗ ಬೆಕಿಂಗ್ ಅಲ್ಲಿದ್ದರು, ಟೆಲಿಫೋನಿಕಾ ಬ್ಲೂ ಎಂಬ ದೋಣಿಯೊಂದಿಗೆ. ಮೋವಿಸ್ಟಾರ್ ತಂಡದಲ್ಲಿದ್ದ ಶಾಬಿ ಫರ್ನಾಂಡಿಸ್ ಕೂಡ ಜೊತೆಗಿದ್ದರು. ಅದೇ ಫರ್ನಾಂಡಿಸ್ ಮುಂದೆ 2018ರಲ್ಲಿ ಮಾಪ್‌ಫ್ರೆಯ ಸ್ಕಿಪ್ಪರ್ ಆಗಿ, ತಮ್ಮ ಹಳೆಯ ನಾಯಕನ ಸರಿಸಮಕ್ಕೆ 65 ಅಂಕ ಇಟ್ಟುಕೊಂಡು ಗೋಥೆನ್‌ಬರ್ಗ್‌ನಲ್ಲಿ ನಿಂತವರು. ಕೊಚ್ಚಿಯಿಂದ ಸಿಂಗಪುರದ ಹಂತವನ್ನು ಆ ಸಲ ಟೆಲಿಫೋನಿಕಾ ಬ್ಲೂ ಗೆದ್ದಿತು.